ಎ-440 ಟ್ಯೂನಿಂಗ್ ಫೋರ್ಕ್ ರಿವ್ಯೂ: ಬೇಸ್ ಗಿಟಾರ್ ನುಡಿಸೋರಿಗೆ ಇದರಿಂದ ಏನಾದ್ರೂ ಉಪಯೋಗ ಇದ್ಯಾ?

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಐಟಂ ಏನಪ್ಪಾ ಅಂದ್ರೆ ಎರಡು ಕವಲಿನ ಒಂದು ಸ್ಟೀಲ್ ಫೋರ್ಕ್, ಹೊಡೆದ್ರೆ ಎ ಅನ್ನೋ ಒಂದೇ ಸ್ವರ ಬರತ್ತೆ, ಸೆಕೆಂಡಿಗೆ 440 ಕಂಪನ ಅಂದ್ರೆ 440 ಹರ್ಟ್ಸ್, ಮೇಲೆ ಎ-440 ಅಂತ ಕೊರೆದಿದೆ, ಜೊತೆಗೆ ಒಂದು ಪುಟ್ಟ ರೆಕ್ಸಿನ್ ಚೀಲ, ಅಷ್ಟೇ. ಬ್ಯಾಟರಿ ಇಲ್ಲ, ಲೈಟ್ ಇಲ್ಲ, ಆ ಕಡೆ ಈ ಕಡೆ ಓಡಾಡೋ ಮುಳ್ಳೂ ಇಲ್ಲ. ಐನೂರು ರೂಪಾಯಿ ಒಳಗೇ ಸಿಕ್ತು. ತಗೊಂಡಿದ್ದು ಟ್ಯೂನರ್ ಇಲ್ದೆ ಕಿವೀಲೇ ಬೇಸ್ ಟ್ಯೂನ್ ಮಾಡೋದು ರೂಢಿ ಆಗ್ಲಿ ಅಂತ. ಮಾಮೂಲಿ ಗಿಟಾರಿಗೆ ಇದರ ಬಗ್ಗೆ ಬೇಕಾದಷ್ಟು ವಿಡಿಯೋ ಬಿದ್ದಿದಾವೆ, ಬೇಸ್‌ಗೆ ಬಂದ್ರೆ "ಅದೇ ಥರ ಮಾಡ್ಕೊಳ್ಳಿ" ಅಂತ ಮುಗಿಸಿಬಿಡ್ತಾರೆ, ಅದೇ ಥರ ಮಾಡಿದ್ರೆ ಆಗಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ತಗೊಳೋವಾಗ ಹುಷಾರು. ಬಳೇಪೇಟೆ ಕಡೆ ಒಂದು ಅಂಗಡೀಲಿ ಕೇಳಿದೆ, "ಯಾವ್ದು ಸರ್, ಕಿವಿ ಡಾಕ್ಟ್ರುದಾ, ಕಾಲೇಜ್ ಲ್ಯಾಬ್‌ದಾ?" ಅಂದ್ರು. "ಮ್ಯೂಸಿಕ್‌ದು ಸರ್, ಎ ಬೇಕು" ಅಂದ್ರೆ "ಎಲ್ಲಾ ಒಂದೇ ಸರ್, ಹೊಡೆದ್ರೆ ಟಿಂಗ್ ಅನ್ನತ್ತೆ" ಅಂತ ಒಂದು ಡಬ್ಬಿ ಮುಂದಿಟ್ರು. ಒಂದೇ ಅಲ್ಲ ಮಾರಾಯ್ರೆ. ಪಿಯುಸಿ ಫಿಸಿಕ್ಸ್ ಲ್ಯಾಬಲ್ಲಿ ಸೋನೋಮೀಟರ್ ಮೇಲೆ ಕಾಗದದ ಚೂರು ಇಟ್ಟು ಹಾರಿಸ್ತಿದ್ವಲ್ಲ, ಆ ಸೆಟ್ಟಲ್ಲಿ ಇರೋದು 256, 288, 320, 341.3, 384, 426.6, 480, 512. ಇದರಲ್ಲಿ ಎ ಅಂದ್ರೆ 426.6. ಬ್ಯಾಂಡಿನ ಎ 440. ಎರಡಕ್ಕೂ ಹೆಚ್ಚುಕಮ್ಮಿ ಅರ್ಧ ಸೆಮಿಟೋನ್ ವ್ಯತ್ಯಾಸ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ ಇರೋ ಅಂತರವೇ ಸೆಮಿಟೋನ್), ಅಂದ್ರೆ ಆ ಫೋರ್ಕ್ ನಂಬ್ಕೊಂಡು ಟ್ಯೂನ್ ಮಾಡಿದ್ರೆ ಕೀಬೋರ್ಡಿನ ಯಾವ ಮನೆಗೂ ಸೇರದ ಜಾಗದಲ್ಲಿ ನಿಂತಿರ್ತೀರ. ಡಾಕ್ಟ್ರುದು ಸಾಮಾನ್ಯವಾಗಿ 512 ಅಥವಾ 128, ಅದು ಸಿ, ಅದೂ ಬ್ಯಾಂಡಿನ ಸಿ ಅಲ್ಲ, ನಮ್ಮ ಸಿ 523.25. ಹಾಗಾಗಿ ಫೋರ್ಕ್ ಮೇಲೆ 440 ಅಂತ ಇದ್ಯಾ ಕಣ್ಣಾರೆ ನೋಡಿ ತಗೊಳ್ಳಿ. ಇನ್ನೊಂದು, ಜೇಬಲ್ಲಿ ಸಣ್ಣ ಮ್ಯಾಗ್ನೆಟ್ ಇದ್ರೆ ಅಂಟಿಸಿ ನೋಡಿ, ಅಂಟಿದ್ರೆ ಸ್ಟೀಲ್, ಅಂಟಿಲ್ಲ ಅಂದ್ರೆ ಅಲ್ಯೂಮಿನಿಯಂ. ಬೇಸ್ ನುಡಿಸೋರಿಗೆ ಸ್ಟೀಲೇ ಬೇಕು, ಯಾಕೆ ಅಂತ ಕೆಳಗೆ ಹೇಳ್ತೀನಿ.

ಈ ವಸ್ತು ಹಳೇದು, 1711ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಶೋರ್ ಅನ್ನೋ ಟ್ರಂಪೆಟ್ ವಾದಕ ಮಾಡಿದ್ದು. ಆದ್ರೆ 440 ಅನ್ನೋ ನಂಬರ್ ಅಷ್ಟು ಹಳೇದಲ್ಲ, ಫ್ರಾನ್ಸಲ್ಲಿ 1859ರಲ್ಲಿ 435 ಅಂತ ಕಾನೂನೇ ಮಾಡಿದ್ರು, 440ಕ್ಕೆ 1939ರಲ್ಲಿ ಲಂಡನ್ ಸಭೇಲಿ ಒಪ್ಪಿಗೆ ಆಗಿ ಆಮೇಲೆ 1955ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಮುದ್ರೆ ಬಿತ್ತು. ಹಿಸ್ಟರಿ ಸಾಕು.

ಬೇಸ್‌ನಲ್ಲಿ ಕಷ್ಟ ಎಲ್ಲಿ ಅಂದ್ರೆ, ಓಪನ್ ಇ ತಂತಿ 41.2 ಹರ್ಟ್ಸ್, ಎ 55, ಡಿ 73.4, ಜಿ 98. ಫೋರ್ಕ್ 440. ಎ ತಂತಿಗೂ ಫೋರ್ಕ್‌ಗೂ ಮಧ್ಯೆ ಪೂರ್ತಿ ಮೂರು ಆಕ್ಟೇವ್ (ಒಂದು ಆಕ್ಟೇವ್ ಮೇಲೆ ಹೋದ್ರೆ ಹರ್ಟ್ಸ್ ಎರಡು ಪಟ್ಟು). ಫೋರ್ಕ್ ಬಾರಿಸಿ, ಓಪನ್ ಎ ಬಾರಿಸಿ, "ಸರಿ ಇದೆಯಾ" ಅಂತ ಕೇಳ್ಕೊಂಡ್ರೆ ಕಿವಿ ಏನು ಕೇಳಿದ್ರೂ ಹೂಂ ಅನ್ನತ್ತೆ. ಅಷ್ಟು ಕೆಳಗಿನ ಸ್ವರ ಒಂಚೂರು ಮೇಲೆ ಕೆಳಗೆ ಆಗಿದ್ದು ಬರೀ ಕಿವಿಗೆ ಗೊತ್ತಾಗೋದು ಕಷ್ಟ. ಕ್ಲಿಪ್ ಟ್ಯೂನರ್‌ಗಳೂ ಲೋ ಇ ಮೇಲೆ ತಡವರಿಸೋದು ನೋಡಿರ್ತೀರ, ಮುಳ್ಳು ಒಂದು ಕಡೆ ನಿಲ್ಲಲ್ಲ, ಅದಕ್ಕೇ 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡ ಸರಳು) ಹತ್ರ ಹಾರ್ಮೋನಿಕ್, ಅಂದ್ರೆ ತಂತಿ ಒತ್ತದೆ ಬೆರಳು ಸುಮ್ನೆ ತಾಗಿಸಿ ಮೀಟಿದಾಗ ಬರೋ ಮೇಲಿನ ಸ್ವರ, ಬಾರಿಸಿ ಅಂತ ಎಲ್ಲರೂ ಹೇಳೋದು. ಕಿವಿಗೂ ಅದೇ ಮದ್ದು, ಮೇಲಕ್ಕೆ ಹೋಗ್ಬೇಕು.

ಈಗ ಫೋರ್ಕ್ ಬಾರಿಸೋದು. ಟೇಬಲ್ ಅಂಚಿಗೆ ಕುಟ್ಬೇಡಿ, ಕವಲಿಗೆ ನೆಗ್ಗು ಬಿದ್ರೆ ಸ್ವರಾನೇ ಹೋಗತ್ತೆ. ಮಂಡಿಚಿಪ್ಪಿಗೆ ಒಂದೇಟು ಸಾಕು. ಹೊಡೆದ ಕೂಡ್ಲೇ ಒಂದು ಕೀಚಲು ಸದ್ದು ಬರತ್ತೆ, ಅದು ಅಸಲಿ ಸ್ವರ ಅಲ್ಲ, ಆರು ಪಟ್ಟಿಗಿಂತ ಸ್ವಲ್ಪ ಮೇಲಿನ ಇನ್ನೊಂದು ಕಂಪನ, ಅದು ಬೇಗ ಸಾಯತ್ತೆ, ಸಾಯೋವರೆಗೂ ಕಾಯಿರಿ. ಕಿವಿ ಹತ್ರ ಹಿಡಿದಾಗ ಕೈ ಅಲ್ಲಾಡಿಸ್ಬೇಡಿ ಪ್ಲೀಸ್. ಫೋರ್ಕನ್ನ ಬೆರಳಲ್ಲಿ ನಿಧಾನ ತಿರುಗಿಸಿ ನೋಡಿ, ಒಂದು ಸುತ್ತಿಗೆ ನಾಲ್ಕು ಸಲ ಸದ್ದು ಮಾಯ ಆಗಿ ವಾಪಸ್ ಬರತ್ತೆ, ಎರಡು ಕವಲಿನ ಸದ್ದು ಆ ಕೋನದಲ್ಲಿ ಒಂದನ್ನೊಂದು ಹೊಡೆದು ಹಾಕತ್ತೆ. ಹೊಸಬರು ಕೈ ನಡುಗಿ ಬರೋ ಈ ಏರಿಳಿತಾನ ಬೀಟ್ಸ್ (ಒಂಚೂರು ಬೇರೆ ಇರೋ ಎರಡು ಸ್ವರ ಒಟ್ಟಿಗೆ ಮೊಳಗಿದಾಗ ಬರೋ ಏರಿಳಿತ) ಅಂದ್ಕೊಂಡು ತಂತಿ ತಿರುವುತ್ತಾ ಕೂರ್ತಾರೆ.

ಆಮೇಲೆ ಕೈ ಸಾಲಲ್ಲ ಅನ್ನೋ ಪ್ರಾಬ್ಲಮ್ಮು. ಹಾರ್ಮೋನಿಕ್‌ಗೆ ಎಡಗೈ ತಾಗಿಸ್ಬೇಕು, ಬಲಗೈ ಮೀಟ್ಬೇಕು, ಫೋರ್ಕ್ ಹಿಡಿಯೋರು ಯಾರು? ಹಳೇ ಉಪಾಯ, ಹಿಡಿಕೆ ತುದೀನ ಹಲ್ಲಲ್ಲಿ ಕಚ್ಕೊಳ್ಳೋದು. ನೋಡೋಕೆ ಚೆಂದ ಇರಲ್ಲ ನಿಜ, ಆದ್ರೆ ತಲೆಬುರುಡೆ ಒಳಗೇ 440 ಕೇಳ್ಸತ್ತೆ, ಪಕ್ಕದ ರೂಮಲ್ಲಿ ಮಿಕ್ಸಿ ಓಡ್ತಿದ್ರೂ ಕೇಳ್ಸತ್ತೆ. ಇನ್ನೊಂದು ದಾರಿ ನನಗೆ ಬಲು ಇಷ್ಟ ಆಗಿದ್ದು. ಆಂಪ್ ಆನ್ ಮಾಡಿ, ಬಾರಿಸಿದ ಫೋರ್ಕಿನ ಕವಲನ್ನ ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸೋ ಮ್ಯಾಗ್ನೆಟ್ ಪಟ್ಟಿ) ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡೀರಿ. ಸ್ಟೀಲ್ ಆಗಿರೋದ್ರಿಂದ ಪಿಕಪ್‌ಗೆ ಅದೂ ಒಂದು ತಂತಿಯೇ, 440 ಸೀದಾ ಸ್ಪೀಕರಲ್ಲಿ ಬರತ್ತೆ. ಮೊದ್ಲ ಸಲ ಕೇಳಿದಾಗ ನಗು ಬಂತು, ಅಂಗೈ ಉದ್ದದ ಕಬ್ಬಿಣದ ಕಡ್ಡಿ ಹದಿನೈದು ಇಂಚಿನ ಸ್ಪೀಕರಲ್ಲಿ ಕೊಳಲಿನ ಥರ ಊದ್ತಿತ್ತು. ಅಲ್ಯೂಮಿನಿಯಂದು ತಗೊಂಡ್ರೆ ಈ ಆಟ ಇಲ್ಲ. ಕವಲು ಪಿಕಪ್‌ಗೆ ತಾಗ್ಬಾರ್ದು ಅಷ್ಟೇ, ತಾಗಿದ್ರೆ ಆ ಕಟಕಟ ಸದ್ದಿಗೆ ಮನೆಯವರೆಲ್ಲ ಎದ್ದು ಬರ್ತಾರೆ.

ಎ ತಂತಿ ಮೇಲೆ 5ನೇ ಫ್ರೆಟ್ ಸರಳಿನ ನೇರ ಮೇಲೆ ಬೆರಳು ಸುಮ್ನೆ ತಾಗಿಸಿ ಮೀಟಿ, 220 ಬರತ್ತೆ. ಅದು ಫೋರ್ಕಿಗಿಂತ ಒಂದೇ ಆಕ್ಟೇವ್ ಕೆಳಗೆ, ಅದರ ಮೇಲಿನ ಪಾರ್ಶಿಯಲ್, ಅಂದ್ರೆ ಆ ಸ್ವರದೊಳಗೇ ಸೇರಿ ಮೊಳಗೋ 440, ಫೋರ್ಕಿನ ಜೊತೆ ಜಗಳಕ್ಕೆ ಬೀಳತ್ತೆ, ವಂವ್ ವಂವ್ ವಂವ್ ಅಂತ ಏರಿಳಿಯೋದು ಕೇಳ್ಸತ್ತೆ. ಬೆರಳು ತೆಗೆದ್ರೂ ಹಾರ್ಮೋನಿಕ್ ಮೊಳಗ್ತಾನೇ ಇರತ್ತೆ, ಹಾಗಾಗಿ ಎಡಗೈ ಫ್ರೀ, ತಂತಿ ಬಿಗಿ ಮಾಡೋ ಕೀ ತಿರುಗಿಸ್ಬಹುದು, ಹಾರ್ಮೋನಿಕ್ ಇಂದ ದೊಡ್ಡ ಲಾಭ ಇದೇ. ತಿರುಗಿಸ್ತಾ ಹೋದ ಹಾಗೆ ವಂವ್ ಉದ್ದ ಆಗ್ತಾ ಆಗ್ತಾ ನಿಂತ್ಹೋಗತ್ತೆ. ಇಲ್ಲಿ ಲೆಕ್ಕ ನಮ್ಮ ಪರ ಇದೆ ನೋಡಿ, ಓಪನ್ ಎ ತಂತಿ ಒಂದು ಹರ್ಟ್ಸಿನ ಎಂಟನೇ ಒಂದು ಭಾಗ ತಪ್ಪಿದ್ರೂ ಅಲ್ಲಿ ಮೇಲೆ 440ರ ಹತ್ರ ಪೂರಾ ಒಂದು ಹರ್ಟ್ಸ್ ತಪ್ಪು, ಅಂದ್ರೆ ಸೆಕೆಂಡಿಗೊಂದು ಬೀಟ್. ಕೆಳಗೆ ಕೇಳ್ಸದೇ ಇದ್ದ ತಪ್ಪು ಮೇಲೆ ಎಂಟು ಪಟ್ಟು ದೊಡ್ಡದಾಗಿ ಕೂತಿರತ್ತೆ. ತಂಬೂರಿ ಶ್ರುತಿ ಮಾಡೋರು ಕಣ್ಣು ಮುಚ್ಕೊಂಡು ಕೇಳೋದೂ ಇದನ್ನೇ, ನಮ್ಮೂರ ಕಿವಿಗೆ ಇದು ಹೊಸದೇನಲ್ಲ.

ಎ ಸಿಕ್ತು. ಇನ್ನು ಮೂರು ತಂತಿಗೆ ಎಲ್ಲರೂ ಹೇಳ್ಕೊಡೋ ದಾರಿ: ಇ ತಂತಿಯ 5ನೇ ಫ್ರೆಟ್ ಹಾರ್ಮೋನಿಕ್‌ಗೆ ಎ ತಂತಿಯ 7ನೇದು, ಎ ತಂತಿಯ 5ಕ್ಕೆ ಡಿ ತಂತಿಯ 7, ಡಿ ತಂತಿಯ 5ಕ್ಕೆ ಜಿ ತಂತಿಯ 7, ಬೀಟ್ ನಿಲ್ಲೋವರೆಗೂ ತಿರುಗಿಸಿ ಅಂತ. ಇಲ್ಲೇ ಎಡವೋದು. ಬೀಟ್ ಪೂರ್ತಿ ನಿಂತ್ರೆ ಅದು ಶುದ್ಧ ಸ-ಮ, ನಮ್ಮ ಗಾಯಕರಿಗೆ ಬೇಕಾದ್ದು. ಫ್ರೆಟ್ ಇರೋ ಬೇಸಿಗೂ ಕೀಬೋರ್ಡಿಗೂ ಬೇಕಾಗಿರೋ ಅಂತರ ಅದಕ್ಕಿಂತ 2 ಸೆಂಟ್ ದೊಡ್ಡದು (ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್). ಒಂದೊಂದು ತಂತಿಗೂ ಎರಡೆರಡು ಸೆಂಟ್ ಸೇರ್ಕೊಂಡು ಜಿ ತಂತಿ 98 ಇರಬೇಕಾದ್ದು 97.78ಕ್ಕೆ ಬಂದು ನಿಲ್ಲತ್ತೆ, ಆ ಕಡೆ ಇ ಸ್ವಲ್ಪ ಮೇಲಕ್ಕೆ ಹೋಗಿರತ್ತೆ, ಇ ಇಂದ ಜಿ ವರೆಗೆ ಒಟ್ಟು 6 ಸೆಂಟ್ ಕಮ್ಮಿ. ಒಬ್ಬರೇ ಕೂತು ನುಡಿಸೋವಾಗ ಯಾರಿಗೂ ಗೊತ್ತಾಗಲ್ಲ, ಕೀಬೋರ್ಡಿನವರು ಜಿ ಒತ್ತಿ ಹಿಡಿದು ನಿಂತಾಗ ಕೆಳಗೆ ಏನೋ ನಿಧಾನಕ್ಕೆ ತೂಗಾಡ್ತಿದೆ ಅನ್ಸತ್ತೆ.

ಹಂಗಂತ ಹಾರ್ಮೋನಿಕ್ ಬಿಡ್ಬೇಕಾಗಿಲ್ಲ. ಮೊದ್ಲು ಬೀಟ್ ನಿಲ್ಲಿಸಿ, ಆಮೇಲೆ ಕೂದಲೆಳೆ ಅಷ್ಟು ಬೇಕಂತಲೇ ತಪ್ಪಿಸಿ. ಇ ತಂತೀನ ಸ್ವಲ್ಪ ಸಡಿಲ, ಇ-ಎ ಮಧ್ಯೆ ಐದು ಸೆಕೆಂಡಿಗೆ ಒಂದು ವಂವ್. ಡಿ ತಂತೀನ ಸ್ವಲ್ಪ ಬಿಗಿ, ಎ-ಡಿ ಮಧ್ಯೆ ನಾಲ್ಕಕ್ಕೆ ಒಂದು. ಜಿ ತಂತೀನೂ ಬಿಗಿ, ಡಿ-ಜಿ ಮಧ್ಯೆ ಮೂರಕ್ಕೆ ಒಂದು. ಐದು, ನಾಲ್ಕು, ಮೂರು, ನೆನಪಿಟ್ಕೊಳ್ಳೋಕೂ ಸುಲಭ. ಇದು ಲೆಕ್ಕ ಹಾಕಿ ತೆಗೆದಿದ್ದು, ಬೇಕಾದ್ರೆ ಕ್ಯಾಲ್ಕುಲೇಟರ್ ಹಿಡಿದು ಚೆಕ್ ಮಾಡಿ, 220ಕ್ಕೂ 73.416ರ ಮೂರು ಪಟ್ಟಿಗೂ ಕಾಲು ಹರ್ಟ್ಸ್ ಅಂತರ ಬರತ್ತೆ.

ಇಷ್ಟೆಲ್ಲ ತಲೆನೋವು ಬೇಡ ಅನ್ನೋರಿಗೆ ನಾನು ಈಗ ದಿನಾ ಮಾಡೋ ದಾರಿ: ಎಲ್ಲಾ ತಂತೀನೂ ಎ ಜೊತೆಗೇ ಹೋಲ್ಸೋದು, ಒಂದರಿಂದ ಇನ್ನೊಂದಕ್ಕೆ ಹಾರೋದೇ ಬೇಡ. ಎ ತಂತಿಯ 12ನೇ ಫ್ರೆಟ್ ಹಾರ್ಮೋನಿಕ್ 110 ಮೊಳಗಿಸಿ ಬಿಡಿ. ಡಿ ತಂತೀನ 7ನೇ ಫ್ರೆಟ್ ಒತ್ತಿ, ಅದೂ 110. ಜಿ ತಂತೀನ 2ನೇ ಫ್ರೆಟ್ ಒತ್ತಿ, ಅದೂ 110. ಇ ತಂತೀಲಿ 5ನೇ ಫ್ರೆಟ್ ಒತ್ತಿ ಓಪನ್ ಎ ಜೊತೆ ಬಾರಿಸಿ, ಎರಡೂ 55. ಫ್ರೆಟ್ ಒತ್ತೋದ್ರಿಂದ ಕೀಬೋರ್ಡಿನ ಲೆಕ್ಕ ತಾನಾಗೇ ಬರತ್ತೆ, ತಪ್ಪು ಒಂದರಿಂದ ಒಂದಕ್ಕೆ ಪೇರಿಸ್ಕೊಳ್ಳಲ್ಲ. ಎಡಗೈ ಫ್ರೆಟ್ ಮೇಲೆ ಇರೋದ್ರಿಂದ ಬಲಗೈ ಆ ಕಡೆ ಚಾಚಿ ಕೀ ತಿರುಗಿಸ್ಬೇಕು, ಬೇಸ್‌ನ ಕತ್ತು ಉದ್ದ, ಸ್ವಲ್ಪ ಸರ್ಕಸ್ಸು. ಬ್ರಿಡ್ಜ್ ಸ್ಯಾಡಲ್ (ತಂತಿಯ ಕೆಳತುದಿ ಕೂರೋ ಜಾಗ) ಸರಿಯಾಗಿ ಸೆಟ್ ಆಗಿದ್ರೆ ಮಾತ್ರ ಇದು ಕೆಲಸ ಮಾಡತ್ತೆ, ಇಂಟೋನೇಶನ್, ಅಂದ್ರೆ ಫ್ರೆಟ್ ಒತ್ತಿದಾಗ ಸ್ವರ ಸರಿ ಬರೋದು, ಕೆಟ್ಟಿದ್ರೆ ಯಾವ ದಾರೀನೂ ಕೈ ಹಿಡಿಯಲ್ಲ. ಯಾವಾಗ್ಲೂ ಕೆಳಗಿಂದ ಮೇಲಕ್ಕೆ ತನ್ನಿ, ಮೇಲೆ ಹೋದ್ರೆ ಇಳಿಸಿ ಮತ್ತೆ ಏರಿಸಿ, ಗೇರ್‌ನಲ್ಲಿ ಲೂಸ್ ಉಳಿದ್ರೆ ಎರಡು ಹಾಡಲ್ಲಿ ಇಳಿದ್ಹೋಗತ್ತೆ. ನಾಲ್ಕೂ ಆದ್ಮೇಲೆ ಎ ಮತ್ತೆ ನೋಡಿ, ಬೇರೆ ತಂತಿ ಬಿಗಿ ಆದಾಗ ಕತ್ತು ಒಂಚೂರು ಬಗ್ಗಿ ಎ ಇಳಿದಿರತ್ತೆ.

ಈಗ ಮೈನಸ್ಸು. ಇದು ಒಂದೇ ಸ್ವರ ಗೊತ್ತಿರೋ ಐಟಂ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಎಲ್ಲಾ ಎಲೆಕ್ಟ್ರಾನಿಕ್ ಕೀಬೋರ್ಡು, ಅಲ್ಲಿ 440 ಸರಿಹೋಗತ್ತೆ, ಭಜನೆಗೋ ಸುಗಮ ಸಂಗೀತಕ್ಕೋ ಹಳೇ ಹಾರ್ಮೋನಿಯಂ ಇಟ್ಕೊಂಡು ಕೂತಿದ್ರೆ ಅದರ ಸ್ವರ ಮೇಲೆ ಕೆಳಗೆ ಇರೋ ಸಾಧ್ಯತೆ ಜಾಸ್ತಿ, ಆಗ ಫೋರ್ಕ್ ಜೇಬಲ್ಲಿಟ್ಟು "ಸ್ವಲ್ಪ ಎ ಹಿಡೀರಿ ಸರ್" ಅಂತ ಹಾರ್ಮೋನಿಯಂನವರನ್ನೇ ಕೇಳಿ, ಹಾಡೋರ ಭಾಷೇಲಿ ಅದು ಆರು ಮನೆ. ಮನೇಲಿ ಎಲೆಕ್ಟ್ರಾನಿಕ್ ತಂಬೂರಿ ಇದ್ದೋರಿಗೆ ಫೋರ್ಕಿಗಿಂತ ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಬೆಂಗಳೂರಿನ ರಾಡೆಲ್‌ನವರದ್ದು ಎಷ್ಟೋ ಸಂಗೀತದ ಮನೆಗಳಲ್ಲಿ ಇರತ್ತಲ್ಲ, ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ಕೊಳಲು ವಾದಕರು ಜಿ. ರಾಜ್ ನಾರಾಯಣ್ ಶುರು ಮಾಡಿದ ಕಂಪನಿ. ಸ ಅನ್ನ ಎ ಗೆ ಇಟ್ರೆ ಪ ಅಂದ್ರೆ ಇ, ಪ ಬದ್ಲು ಮ ಹಾಕಿದ್ರೆ ಡಿ, ಮೂರು ತಂತಿಗೆ ಸ್ವರ ನಿಲ್ಲದೇ ಬರ್ತಾ ಇರತ್ತೆ, ಫೋರ್ಕ್ ಥರ ಪದೇ ಪದೇ ಮಂಡಿಗೆ ಹೊಡ್ಕೊಳ್ಳೋ ಹಾಗಿಲ್ಲ. ಜಿ ಮಾತ್ರ 2ನೇ ಫ್ರೆಟ್ ಒತ್ತಿ ಸ ಗೆ ಸೇರಿಸ್ಕೊಳ್ಳಿ.

ಒಂದು ಸ್ಟಾರ್ ಕಟ್ ಮಾಡಿದ್ದು ಸ್ಟೇಜಿಗೋಸ್ಕರ. ಗಣೇಶನ ಪೆಂಡಾಲಲ್ಲಿ ಪಕ್ಕದಲ್ಲೇ ಡ್ರಮ್ಮಿನವರು ಚೆಕ್ ಮಾಡ್ತಿರ್ತಾರೆ, ಆ ಕಡೆ ಜನರೇಟರ್, ಮೈಕಲ್ಲಿ "ಹಲೋ ಹಲೋ ಮೈಕ್ ಟೆಸ್ಟಿಂಗ್", ಅಲ್ಲಿ ಕೂತು ಐದು ಸೆಕೆಂಡಿನ ಬೀಟ್ ಎಣಿಸ್ತೀನಿ ಅಂದ್ರೆ ಆಗೋ ಮಾತಲ್ಲ. ಅಲ್ಲಿ ಪೆಡಲ್ ಟ್ಯೂನರ್ರೇ ಸರಿ, ನಾಚಿಕೆ ಬೇಡ. ಬಿಸಿಲಿಗೂ ಇದು ಅಲ್ಪಸ್ವಲ್ಪ ಜಗ್ಗತ್ತೆ, ಹತ್ತು ಡಿಗ್ರಿ ಬಿಸಿ ಏರಿದ್ರೆ ಸ್ಟೀಲ್ ಫೋರ್ಕ್ ಹೆಚ್ಚುಕಮ್ಮಿ ಅರ್ಧ ಹರ್ಟ್ಸ್ ಇಳಿಯತ್ತೆ, ಅಷ್ಟರಲ್ಲೇ ನಿಮ್ಮ ತಂತಿಗಳು ಅದಕ್ಕಿಂತ ಜಾಸ್ತಿ ಇಳಿದಿರ್ತವೆ ಬಿಡಿ.

ಯಾರಿಗೆ ಅಂದ್ರೆ, ಮನೇಲಿ ಪ್ರಾಕ್ಟೀಸ್ ಮಾಡೋರಿಗೆ, ಫ್ರೆಟ್‌ಲೆಸ್ ಕಡೆ ಆಸೆ ಇರೋರಿಗೆ, ಮಕ್ಕಳಿಗೆ ಕಲಿಸೋರಿಗೆ ಕಣ್ಣು ಮುಚ್ಚಿ ತಗೋಬಹುದು. ನಾಳೆನೇ ಮೊದಲ ಶೋ ಇಟ್ಕೊಂಡಿರೋರು ಕ್ಲಿಪ್ ಟ್ಯೂನರ್ ತಗೊಂಡು ಆಮೇಲೆ ಇದಕ್ಕೆ ಬನ್ನಿ. ತಗೊಂಡ ಮೇಲೆ ಒದ್ದೆ ಕೈಯಲ್ಲಿ ಮುಟ್ಟಿ ಹಾಗೇ ಇಡ್ಬೇಡಿ, ಮಂಗಳೂರು ಉಡುಪಿ ಕಡೆಯವರು ಮಳೆಗಾಲದಲ್ಲಿ ಒಂದು ತೊಟ್ಟು ಎಣ್ಣೆ ಸವರಿ ಒರೆಸಿಡಿ, ತುಕ್ಕು ಹಿಡಿದ್ರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜೋಕೆ ಮಾತ್ರ ಹೋಗ್ಬೇಡಿ, ಕವಲು ಸವೆದ್ರೆ 440 ಅಂತ ಕೊರೆದಿರೋದು ಸುಳ್ಳಾಗತ್ತೆ. ಕೊಟ್ಟಿರೋ ರೆಕ್ಸಿನ್ ಚೀಲದ ಜಿಪ್ಪು ಬೇಗನೇ ಕಿತ್ಕೊಂಡ್ ಬಂತು, ಹಳೇ ಕನ್ನಡಕದ ಡಬ್ಬೀಲಿ ಇಟ್ಟಿದೀನಿ, ಸರಿಯಾಗಿ ಕೂರತ್ತೆ.