ಮಕ್ಕಳ ಕಾಯಿಲೆ ಬಗ್ಗೆ ಆಶಾ ತರಬೇತಿ: ಮೂರನೇ ದಿನ ತಪ್ಪಿಸಬೇಡಿ

ಕಳೆದ ತಿಂಗಳು ನಮ್ಮ ತಾಲೂಕಿನ ಆಶಾ ಕಾರ್ಯಕರ್ತೆಯರಿಗೆ ಮಕ್ಕಳ ಕಾಯಿಲೆಗಳ ಬಗ್ಗೆ ಐದು ದಿನದ ತರಬೇತಿ ನಡೆಯಿತು. ನಾನು ಒಂಬತ್ತು ವರ್ಷದಿಂದ ಆಶಾ. ಮುಂದಿನ ಬ್ಯಾಚ್‌ನಲ್ಲಿ ಹೆಸರು ಬಂದಿರುವ ಪಕ್ಕದ ಊರಿನ ಹೊಸ ಹುಡುಗಿ ಫೋನ್ ಮಾಡಿ, “ಅಕ್ಕಾ, ಐದು ದಿನ ಮನೆ ಬಿಟ್ಟು ಹೋಗುವಷ್ಟು ಇದೆಯಾ?” ಎಂದು ಕೇಳಿದಳು. ಇದೆ. ಅದರಲ್ಲೂ ಮೂರನೇ ದಿನ ಏನೇ ಆದರೂ ತಪ್ಪಿಸಬೇಡ ಎಂದೆ.

ಮೊದಲ ಎರಡು ದಿನ ಹಾಲ್‌ನಲ್ಲಿ ಕೂತು ವಿಡಿಯೊ ನೋಡಿ ಮಗುವಿನ ಉಸಿರು ಎಣಿಸಿದೆವು. ಎಲ್ಲರ ಲೆಕ್ಕವೂ ಸರಿ ಬಂತು. ವಿಡಿಯೊದಲ್ಲಿನ ಮಗು ಅಳುವುದಿಲ್ಲ, ಹೊರಳುವುದಿಲ್ಲ. ಮೂರನೇ ದಿನ ಮಕ್ಕಳ ವಾರ್ಡಿಗೆ ಕರೆದುಕೊಂಡು ಹೋದರು. ಎಂಟು ತಿಂಗಳ ಮಗುವೊಂದನ್ನು ತೋರಿಸಿ ಎಣಿಸಲು ಹೇಳಿದರು. ನನಗೆ ಬಂದದ್ದು 44. ಪಕ್ಕದಲ್ಲೇ ನಿಂತು ಎಣಿಸಿದ ಸಿಸ್ಟರ್‌ಗೆ 52.

ಎಂಟೇ ಉಸಿರಿನ ವ್ಯತ್ಯಾಸ. ಆದರೆ ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ ಬಂದರೆ ಅದು ಏದುಸಿರು, ನ್ಯುಮೋನಿಯಾ ಇರಬಹುದು. ನನ್ನ ಲೆಕ್ಕ ನಂಬಿದ್ದರೆ ಆ ಮಗುವಿಗೆ ಬರೀ ನೆಗಡಿ ಅಂದುಬಿಡುತ್ತಿದ್ದೆ. ಒಂಬತ್ತು ವರ್ಷದಲ್ಲಿ ಹೀಗೆ ಎಷ್ಟು ಸಲ ಎಣಿಸಿದ್ದೇನೋ ಅನಿಸಿ ಕೈ ತಣ್ಣಗಾಯಿತು.

ತಪ್ಪು ಎಲ್ಲಿ ಆಯಿತು ಎಂದು ಸಿಸ್ಟರ್ ತಾಳ್ಮೆಯಿಂದ ತೋರಿಸಿದರು. ನಾನು ಪದೇ ಪದೇ ವಾಚ್ ನೋಡುತ್ತಿದ್ದೆ. ಆಗೆಲ್ಲ ಒಂದೊಂದು ಉಸಿರು ತಪ್ಪಿಹೋಗುತ್ತಿತ್ತು. ವಾಚ್ ನೋಡಲು ಮನೆಯವರಲ್ಲಿ ಒಬ್ಬರಿಗೆ ಹೇಳಬೇಕು, ಇಲ್ಲವೇ ಫೋನಿನಲ್ಲಿ ಒಂದು ನಿಮಿಷಕ್ಕೆ ಟೈಮರ್ ಇಡಬೇಕು. ಮಗು ತಾಯಿಯ ಮಡಿಲಲ್ಲೇ ಇರಲಿ. ಹಾಲು ಕುಡಿಯುತ್ತಿದ್ದರೆ, ಅಳುತ್ತಿದ್ದರೆ ಕಾಯಬೇಕು. ಅಂಗಿ ಮೇಲೆತ್ತಿ ಹೊಟ್ಟೆಯನ್ನೇ ನೋಡಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡವೇ ಬೇಡ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡನೇ ಸಲ ಎಣಿಸಿದಾಗ ನನಗೆ 53 ಬಂತು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದರಿಂದ ಐದು ವರ್ಷದವರಿಗೆ 40 ಎಂಬ ಲೆಕ್ಕ ಪುಸ್ತಕದಲ್ಲಿ ಮೊದಲಿಂದಲೂ ಇತ್ತು. ಅದು ಕಣ್ಣಿಗೂ ಕೈಗೂ ಹತ್ತಿದ್ದು ಆ ವಾರ್ಡಿನಲ್ಲಿ.

ಭೇದಿಯ ಪಾಠವೂ ಚೆನ್ನಾಗಿತ್ತು. ಒಬ್ಬರು ತಾಯಿ, ಒಬ್ಬರು ಆಶಾ ಆಗಿ ಮಾತಾಡಿಸಿದರು. ಓಆರ್‌ಎಸ್ ಪೊಟ್ಟಣವನ್ನು ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕುವ ಮನೆಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಇಡೀ ಪೊಟ್ಟಣ, ಒಂದು ಲೀಟರ್ ನೀರು, 24 ಗಂಟೆಯೊಳಗೆ ಬಳಸಬೇಕು, ಉಳಿದರೆ ಚೆಲ್ಲಬೇಕು. ಅಳತೆಗೆ ಲೀಟರ್ ನೀರಿನ ಬಾಟಲಿ ಸಾಕು. ಜಿಂಕ್ ಮಾತ್ರೆ ಕೊಡಿಸುವುದು ಇನ್ನೂ ಕಷ್ಟ. ಮೂರನೇ ದಿನ ಭೇದಿ ನಿಂತಿತು ಎಂದು ತಾಯಂದಿರು ಮಾತ್ರೆಯನ್ನೂ ನಿಲ್ಲಿಸುತ್ತಾರೆ. 14 ದಿನ ಕೊಡಬೇಕು ಎಂದು ಹೇಳಿ ಬಂದರೆ ಆಗದು, ಮಧ್ಯೆ ಒಮ್ಮೆ ಮನೆಗೆ ಹೋಗಿ ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ಎಣಿಸಿ ಬನ್ನಿ ಎಂದರು. ಇದು ನನಗೆ ಹೊಳೆದೇ ಇರಲಿಲ್ಲ.

ಒಂದು ಮಧ್ಯಾಹ್ನ ಡಾಕ್ಟರ್ ಮಹಾರಾಷ್ಟ್ರದ ಗಡಚಿರೋಲಿಯ ಕಥೆ ಹೇಳಿದರು. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿ ಹೆಂಗಸರಿಗೇ ಹಸುಗೂಸುಗಳ ಆರೈಕೆ ಕಲಿಸಿದರು. ಆ ಊರುಗಳಲ್ಲಿ ನವಜಾತ ಶಿಶುಗಳ ಸಾವು 62% ಕಡಿಮೆಯಾಯಿತು ಎಂದು 1999ರಲ್ಲಿ ಪ್ರಕಟವಾಯಿತು. 2011ರಿಂದ ನಾವು ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತೇವಲ್ಲ, ಅದರ ಬೇರು ಅಲ್ಲಿದೆ. ಆ ಭೇಟಿಗಳನ್ನು ಇಷ್ಟು ವರ್ಷ ಫಾರಂ ತುಂಬುವ ಕೆಲಸ ಎಂದುಕೊಂಡಿದ್ದ ನಮ್ಮಲ್ಲಿ ಕೆಲವರು ಆಮೇಲೆ ತುಂಬ ಹೊತ್ತು ಅದನ್ನೇ ಮಾತಾಡಿದರು.

ಕೊರತೆಗಳನ್ನೂ ಹೇಳಬೇಕು. ಮೂವತ್ತೆಂಟು ಜನರಿಗೆ ತೂಕದ ತಕ್ಕಡಿ ಒಂದೇ. ಹಿಂದಿನ ಸಾಲಿನವರ ಕೈಗೆ ಅದು ಬರಲೇ ಇಲ್ಲ. ವಾರ್ಡಿನಲ್ಲಿ ಸಿಕ್ಕಿದ್ದು ಅರ್ಧ ದಿನ, ತಲಾ ಎರಡು ಮಕ್ಕಳು. ನನಗೆ ಎಲ್ಲಕ್ಕಿಂತ ಬೇಸರವಾದದ್ದು ಬರೆಯ ವಿಷಯ. ನಮ್ಮ ಕಡೆ ಕೆಲವು ಮನೆಗಳಲ್ಲಿ ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುವ ಮಗುವಿನ ಹೊಟ್ಟೆಗೆ ಇನ್ನೂ ಬರೆ ಹಾಕುತ್ತಾರೆ. “ಅದು ಮೂಢನಂಬಿಕೆ, ಬೇಡ ಅನ್ನಿ” ಎಂದು ಹೇಳಿ ಮುಂದಿನ ಪುಟಕ್ಕೆ ಹೋದರು. ಆ ಮನೆಯ ಅಜ್ಜಿಗೆ ಯಾವ ಮಾತಿನಲ್ಲಿ ಹೇಳಬೇಕು? ನಾನಾದರೆ ಮೊದಲು ಅಜ್ಜಿಯನ್ನೇ ಕೂರಿಸಿ ಪಕ್ಕೆ ಒಳಗೆ ಹೋಗುವುದನ್ನು ತೋರಿಸುತ್ತೇನೆ. “ನೀವು ಸರಿಯಾಗಿಯೇ ಕಂಡುಹಿಡಿದಿದ್ದೀರಿ ಅವ್ವಾ, ಈಗ ತಡ ಮಾಡೋದು ಬೇಡ, 108ಕ್ಕೆ ಫೋನ್ ಮಾಡೋಣ” ಎನ್ನುತ್ತೇನೆ. ಇಂಥ ಮಾತುಗಳನ್ನು ಹಳೆಯ ಆಶಾಗಳಿಂದಲೇ ಹೇಳಿಸಿದ್ದರೆ ಹೊಸಬರಿಗೆ ಎಷ್ಟು ಉಪಯೋಗವಾಗುತ್ತಿತ್ತು.

ಹೋಗುವವರು ಸೆಕೆಂಡ್ ಮುಳ್ಳಿರುವ ವಾಚ್ ತೆಗೆದುಕೊಂಡು ಹೋಗಿ. ಹಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ವಾರ್ಡಿನಲ್ಲಿ ಸಂಕೋಚ ಬಿಟ್ಟು ಮೂರನೇ ಮಗುವನ್ನೂ ಕೇಳಿ ಎಣಿಸಿ. ಆರು ತಿಂಗಳಿಗೊಮ್ಮೆ ಅರ್ಧ ದಿನ ನಮ್ಮನ್ನು ವಾರ್ಡಿಗೆ ಕರೆಸಿ ಎಂದು ನಾನು ಕೊನೆಯ ದಿನದ ಅಭಿಪ್ರಾಯದ ಹಾಳೆಯಲ್ಲಿ ಬರೆದು ಬಂದಿದ್ದೇನೆ. ನೀವೂ ಬರೆಯಿರಿ.