ಸ್ಟಾರ್ಮ್‌ಟ್ರೂಪರ್ ಕವಚದ ಎಬಿಎಸ್ ಕಿಟ್: ತೊಟ್ಟು ನೋಡಿ ಬರೆದ ವಿಮರ್ಶೆ

1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರಾದ ಸ್ಟಾರ್ಮ್‌ಟ್ರೂಪರ್‌ಗಳ ವೇಷವನ್ನು ಮನೆಯಲ್ಲಿಯೇ ಜೋಡಿಸಿಕೊಳ್ಳಲೆಂದು ಸಣ್ಣ ತಯಾರಕರು ಮಾರುವ ಎಬಿಎಸ್ ಪ್ಲಾಸ್ಟಿಕ್ ಕಿಟ್ ಈ ವಿಮರ್ಶೆಯ ವಸ್ತು. ಇಂಥ ಕಿಟ್‌ಗಳನ್ನು ಹೊರದೇಶಗಳಲ್ಲಿ ಹಲವರು ತಯಾರಿಸುತ್ತಾರೆ. ಅಚ್ಚಿನ ಸೂಕ್ಷ್ಮತೆಯಲ್ಲಿ, ಪ್ಲಾಸ್ಟಿಕ್ಕಿನ ದಪ್ಪದಲ್ಲಿ ಒಂದಕ್ಕೊಂದು ವ್ಯತ್ಯಾಸವಿದ್ದರೂ ತೊಡುವವರ ಪಾಡು ಬಹುತೇಕ ಒಂದೇ ಆಗಿರುವುದರಿಂದ, ಯಾವುದೋ ಒಬ್ಬ ತಯಾರಕರ ಹೆಸರು ಹೇಳುವುದಕ್ಕಿಂತ ಈ ಬಗೆಯ ಕಿಟ್ಟನ್ನು ಮೈಗೆ ಹೊಂದಿಸಿಕೊಳ್ಳುವ ಕೆಲಸ ಹೇಗಿರುತ್ತದೆ ಎಂದು ಬರೆಯುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರಿದೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನೋಟದ ಮಟ್ಟಿಗೆ ಈ ಕಿಟ್ಟಿಗೆ ಸಾಟಿಯಿಲ್ಲ, ಹಾಯಾಗಿ ತೊಡುವುದರ ಮಟ್ಟಿಗೆ ಪೆಟ್ಟಿಗೆಯಲ್ಲಿ ಬರುವುದು ಬರೀ ಕಚ್ಚಾ ಸಾಮಗ್ರಿ, ಉಳಿದದ್ದೆಲ್ಲ ಕೊಂಡವರ ಕೈಕೆಲಸ.

ಇದಕ್ಕೆ ಕಾರಣ ಮೂಲ ವೇಷದಲ್ಲಿಯೇ ಇದೆ. ಚಿತ್ರಕ್ಕೆ ಬೇಕಾದ ಹೆಲ್ಮೆಟ್ಟುಗಳನ್ನೂ ಕವಚಗಳನ್ನೂ 1976ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿದ್ದ ತಮ್ಮ ಕಾರ್ಯಾಗಾರದಲ್ಲಿ ಆಂಡ್ರ್ಯೂ ಐನ್ಸ್‌ವರ್ತ್ ಅವರು ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನದಿಂದ, ಅಂದರೆ ಕಾಯಿಸಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ ಒಳಗಿನ ಗಾಳಿಯನ್ನು ಹೀರಿ ತೆಗೆಯುವ ಕ್ರಮದಿಂದ, ತಯಾರಿಸಿದರು. ಮುಂದೆ ಇದೇ ಹೆಲ್ಮೆಟ್ಟಿನ ಕೃತಿಸ್ವಾಮ್ಯದ ವ್ಯಾಜ್ಯ 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ಅದು ಶಿಲ್ಪವೆನಿಸದು, ಚಿತ್ರ ತಯಾರಿಕೆಯ ಕೆಲಸಕ್ಕೆ ಒದಗಿದ ವಸ್ತು ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಕಾನೂನಿನ ವಿಚಾರ ಹಾಗಿರಲಿ, ಕವಚವನ್ನು ತೊಟ್ಟು ಓಡಾಡಿದವರಿಗೆ ಆ ಮಾತು ಮೈಯಿಂದಲೇ ಅರ್ಥವಾಗುತ್ತದೆ. ಕ್ಯಾಮೆರಾದ ಎದುರು ಸ್ವಲ್ಪ ಹೊತ್ತು ನಿಂತು, ಶಾಟ್ ಮುಗಿದೊಡನೆ ಹೆಲ್ಮೆಟ್ ಕಳಚಿಡುವವರಿಗಾಗಿ ರೂಪುಗೊಂಡ ವೇಷವಿದು. 2012ರಿಂದ ಬೆಂಗಳೂರಿನಲ್ಲಿ ನಡೆಯುತ್ತ ಬಂದಿರುವ ಕಾಮಿಕ್ ಕಾನ್‌ನಂಥ ಕಾಮಿಕ್ಸ್ ಅಭಿಮಾನಿಗಳ ಮೇಳಗಳಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಜನರ ನಡುವೆ ನಡೆಯುತ್ತ, ಮಕ್ಕಳೊಡನೆ ಫೋಟೋಗೆ ನಿಲ್ಲುತ್ತ ಇರಬೇಕಾದವರ ಅಗತ್ಯವೇ ಬೇರೆ.

ಕಿಟ್ಟಿನ ಗುಣಗಳನ್ನು ಮೊದಲು ಹೇಳಬೇಕು. ಎಬಿಎಸ್ ಹಾಳೆಯ ಬಿಳುಪು ಮೇಲೆ ಬಳಿದದ್ದಲ್ಲವಾದ್ದರಿಂದ ಗೀರು ಬಿದ್ದರೂ ಒಳಗಿನ ಬಣ್ಣ ಅದೇ ಇರುತ್ತದೆ; ಸಣ್ಣ ಗೀರುಗಳನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ ಪಾಲಿಶ್ ಮಾಡಿದರೆ ಹೊಳಪು ಮರಳುತ್ತದೆ. ಒಳ್ಳೆಯ ಕಿಟ್ಟಿನ ಹಾಳೆ ಸುಮಾರು 2 ಮಿಲಿಮೀಟರ್ ದಪ್ಪವಿರುತ್ತದೆ, ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ತನ್ನ ಆಕಾರಕ್ಕೆ ಹಿಂತಿರುಗುತ್ತದೆ. ಆದರೆ ವ್ಯಾಕ್ಯೂಮ್ ಫಾರ್ಮಿಂಗ್‌ನಲ್ಲಿ ಆಳವಾದ ಮೂಲೆಗಳಿಗೆ ಹಾಳೆ ಎಳೆದುಕೊಂಡು ಹೋಗುವಾಗ ತೆಳುವಾಗುವುದು ಸಹಜ. ಪೆಟ್ಟಿಗೆ ಬಂದ ದಿನವೇ ಪ್ರತಿಯೊಂದು ಭಾಗವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಮೊಣಕಾಲಿನ ಚಿಪ್ಪಿನ ಮೂಲೆಗಳಲ್ಲಿ, ಹೊಟ್ಟೆಯ ಭಾಗದ ಗುಂಡಿಗಳ ಸುತ್ತ, ಎಲ್ಲಿ ಬೆಳಕು ಹೆಚ್ಚಾಗಿ ಹಾಯುತ್ತದೋ ಅಲ್ಲಿ ಪ್ಲಾಸ್ಟಿಕ್ ತೆಳುವಾಗಿದೆ ಎಂದು ತಿಳಿಯಬೇಕು. ಆ ಜಾಗಗಳಿಗೆ ಒಳಗಿನಿಂದ ಎಬಿಎಸ್ ತುಂಡುಗಳನ್ನು ಅಂಟಿಸಿ ಬಲ ಕೊಟ್ಟರೆ ಮುಂದೆ ಬಿರುಕು ಬಿಡುವ ಭಯ ಕಡಿಮೆ. ಕತ್ತರಿಸಿ ಉಳಿದ ಚೂರುಗಳನ್ನು ಎಸೆಯದೆ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ. ಅವನ್ನು ಅಸಿಟೋನಿನಲ್ಲಿ ಕರಗಿಸಿದರೆ ಸಂದು ತುಂಬುವ ಬಿಳಿ ಮೇಣದಂಥ ಪೇಸ್ಟ್ ಕೂಡ ಸಿಗುತ್ತದೆ.

ಕೊರತೆಗಳಲ್ಲಿ ಮೊದಲನೆಯದು ಅಳತೆ. ಬಹುತೇಕ ಕಿಟ್‌ಗಳು ಒಂದೇ ಅಳತೆಯಲ್ಲಿ ಬರುತ್ತವೆ, ಆ ಅಳತೆ ಎತ್ತರವಾದ, ತೆಳ್ಳಗಿನ ಮೈಕಟ್ಟಿನದು. ಕುಳ್ಳಗಿರುವವರಿಗೆ ತೊಡೆಯ ಮತ್ತು ಕಣಕಾಲಿನ ಭಾಗಗಳು ಉದ್ದವಾಗುತ್ತವೆ. ಹೊಟ್ಟೆ ಸ್ವಲ್ಪ ಮುಂದೆ ಬಂದವರಿಗೆ ಪಕ್ಕಗಳಲ್ಲಿ ಸಂದು ಬೀಳುತ್ತದೆ. ಒಳಗೆ ತೊಡುವ ಕಪ್ಪು ಬಿಗಿಯುಡುಪನ್ನು ಹಾಕಿಕೊಂಡ ಮೇಲೆಯೇ ಅಳತೆ ತೆಗೆಯಬೇಕು, ಏಕೆಂದರೆ ಬೆವರು ಹೀರುವ ಒಳ್ಳೆಯ ಬಟ್ಟೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ತೋಳಿನ ಭಾಗವನ್ನು ಕೈ ನೇರವಾಗಿ ಚಾಚಿ ಅಳೆಯುವುದು ಸಾಲದು. ಮೊಣಕೈ ಮಡಿಸಿದಾಗ ಮಾಂಸಖಂಡ ಉಬ್ಬುವುದನ್ನು ಗಮನಿಸಿ, ಆ ಸ್ಥಿತಿಯಲ್ಲಿಯೂ ಒಂದು ಬೆರಳು ತೂರುವಷ್ಟು ಸಡಿಲ ಬಿಡಬೇಕು. ಮುಂಗೈ ಭಾಗದ ಮಣಿಕಟ್ಟಿನ ತುದಿಯಲ್ಲಿ ಅಂಗೈ ಮಡಚಿಕೊಂಡು ಹಾಯುವಷ್ಟು ಜಾಗ ಬೇಕೇ ಬೇಕು.

ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಅಂಟು ಮುಟ್ಟುವ ಮುನ್ನ ಎಲ್ಲ ಭಾಗಗಳನ್ನೂ ಮಾಸ್ಕಿಂಗ್ ಟೇಪಿನಿಂದ ಜೋಡಿಸಿ ತೊಟ್ಟುಕೊಂಡು ಮನೆಯಲ್ಲೇ ಓಡಾಡಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ಬಾಗಿಲ ಚಿಲಕ ಹಾಕಿ ತೆಗೆಯಬೇಕು. ಎರಡು ಹೋಳುಗಳ ಕೂಡು ಅಂಚನ್ನು ಕತ್ತರಿಸುವಾಗ ಎರಡೂ ಕಡೆ ಸಮನಾಗಿ ತೆಗೆಯಬೇಕು, ಇಲ್ಲವಾದರೆ ನಡುವೆ ಓಡುವ ಏಣು ಓರೆಯಾಗಿ ಕವಚ ತಿರುಚಿದಂತೆ ಕಾಣುತ್ತದೆ. ಚೂಪಾದ ಕಟರಿನಿಂದ ಗೆರೆ ಎಳೆದು, ಆ ಗೆರೆಯಲ್ಲಿ ಬಾಗಿಸಿ ಮುರಿದರೆ ಎಬಿಎಸ್ ಅಚ್ಚುಕಟ್ಟಾಗಿ ಬಿಡಿಸಿಕೊಳ್ಳುತ್ತದೆ. ಬಾಗಿದ ಕಡೆಗಳಿಗೆ ಗಿಡ್ಡ ಬಾಯಿಯ ಬಾಗು ಕತ್ತರಿ ಒಳ್ಳೆಯದು.

ಹೊಸ ಚಪ್ಪಲಿ ಕಚ್ಚುವ ಹಾಗೆ ಕವಚವೂ ಕಚ್ಚುತ್ತದೆ, ಮತ್ತು ಕಚ್ಚುವ ಜಾಗಗಳು ಎಲ್ಲರಿಗೂ ಒಂದೇ: ಕಂಕುಳು, ಮೊಣಕೈಯ ಒಳಮಡಿಕೆ, ತೊಡೆಸಂದು, ಮೊಣಕಾಲಿನ ಹಿಂಭಾಗ. ಅಚ್ಚಿನಿಂದ ಬರುವಾಗ ಪ್ರತಿಯೊಂದು ಭಾಗದ ತುದಿಯೂ ಒಳಮುಖವಾಗಿ ಮಡಚಿಕೊಂಡಿರುತ್ತದೆ. ದೂರದಿಂದ ನೋಡಿದರೆ ಈ ಮಡಿಕೆ ಕವಚ ದಪ್ಪವಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ತೊಟ್ಟವರ ಚರ್ಮಕ್ಕೆ ಮಾತ್ರ ಅದು ಮೊಂಡು ಚಾಕುವಿನ ಅಂಚು. ಮಣಿಕಟ್ಟಿನ ಕಡೆ ಮತ್ತು ತೋಳಿನ ಕೆಳತುದಿಯಲ್ಲಿ ಇದನ್ನು ಪೂರ್ತಿ ತೆಗೆದುಬಿಡುವುದೇ ಸರಿ ಎಂಬುದು ನನ್ನ ನಿಲುವು, ಏಕೆಂದರೆ ಅಲ್ಲಿ ಅದರಿಂದ ನೋಟಕ್ಕಾಗುವ ಲಾಭ ಅಲ್ಪ, ಮೈಗಾಗುವ ಹಿಂಸೆ ಅಪಾರ. ತೊಡೆಯ ಭಾಗದ ಒಳಬದಿಯ ಮೇಲಂಚನ್ನು ಕಮಾನಿನಾಕಾರದಲ್ಲಿ ತಗ್ಗಿಸಬೇಕು. ಕಣಕಾಲಿನ ಭಾಗದ ಹಿಂಬದಿಯನ್ನು ಮುಂಬದಿಗಿಂತ ಸಾಕಷ್ಟು ಕೆಳಗೆ ಕತ್ತರಿಸಿದರೆ ಮೊಣಕಾಲು ಮಡಿಸುವಾಗ ತೊಡೆಯ ಅಂಚು ಅದಕ್ಕೆ ತಾಗುವುದಿಲ್ಲ. ಮೆಟ್ಟಿಲು ಹತ್ತುವ ಸಾಮರ್ಥ್ಯವೆಲ್ಲ ಈ ಒಂದು ಕತ್ತರಿಕೆಯಲ್ಲಿದೆ. ಕತ್ತರಿಸಿದ ಅಂಚುಗಳನ್ನು 120, 220, 400 ಹೀಗೆ ಏರುವ ಅಂಕಿಯ ಉಜ್ಜುಕಾಗದಗಳಿಂದ ಬೆರಳಾಡಿಸಿದರೆ ಏನೂ ತಡೆಯದಷ್ಟು ನಯ ಮಾಡಬೇಕು. ಇದು ಚರ್ಮದ ಹಿತಕ್ಕಷ್ಟೇ ಅಲ್ಲ, ಒರಟು ಅಂಚಿನ ಸಣ್ಣ ಕಚ್ಚೇ ಮುಂದೆ ಬಿರುಕಾಗಿ ಬೆಳೆಯುತ್ತದೆ. ಬಿರುಕು ಕಾಣಿಸಿಕೊಂಡರೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದರೆ ಅದು ಮುಂದಕ್ಕೆ ಹಬ್ಬುವುದು ನಿಲ್ಲುತ್ತದೆ.

ಜೋಡಣೆಗೆ ಇ6000 ಎಂಬ ಅಂಟನ್ನು ಈ ಕವಚ ಕಟ್ಟುವವರು ಬಹಳವಾಗಿ ಬಳಸುತ್ತಾರೆ, ಅದಕ್ಕೆ ತಕ್ಕ ಕಾರಣವೂ ಇದೆ. ಅದು ಪೂರ್ತಿ ಗಟ್ಟಿಯಾಗಲು 24ರಿಂದ 72 ಗಂಟೆ ಹಿಡಿಯುತ್ತದೆ, ಒಣಗಿದ ಮೇಲೂ ರಬ್ಬರಿನಂತೆ ಬಳುಕುತ್ತದೆ, ಬೇಕೆಂದಾಗ ನಿಧಾನವಾಗಿ ಸುಲಿದು ತೆಗೆದು ಮತ್ತೆ ಅಂಟಿಸಬಹುದು. ಮೈ ತೂಕ ಬದಲಾಗುವವರಿಗೆ, ಮೊದಲ ಬಾರಿ ತೊಟ್ಟ ಮೇಲೆ ತಿದ್ದುವ ಮನಸ್ಸಿರುವವರಿಗೆ ಈ ಗುಣ ವರದಾನ. ಕ್ಷಣದಲ್ಲಿ ಹಿಡಿಯುವ ಸೂಪರ್‌ಗ್ಲೂ ಒಣಗಿದ ಮೇಲೆ ಬಿರುಸಾಗುವುದರಿಂದ ನಡೆಯುವಾಗಿನ ಅಲುಗಾಟಕ್ಕೆ ಚಟ್ಟೆಂದು ಬಿಡುತ್ತದೆ. ಇ6000 ಅಂಟಿನ ಆವಿ ಒಳ್ಳೆಯದಲ್ಲ. ಕಿಟಕಿ ಬಾಗಿಲು ತೆರೆದಿಟ್ಟೇ ಕೆಲಸ ಮಾಡಬೇಕು. ಹೋಳುಗಳನ್ನು ಒಳಗೊಂದು ಹೊರಗೊಂದು ಎಬಿಎಸ್ ಪಟ್ಟಿಯ ನಡುವೆ ಕೂಡಿಸಿ, ಅಂಟು ಒಣಗುವವರೆಗೆ ಎರಡೂ ಬದಿಯಿಂದ ಬಲವಾದ ಅಯಸ್ಕಾಂತಗಳ ಜೋಡಿ ಇಟ್ಟರೆ ಒತ್ತಡ ಸಮನಾಗಿ ಬೀಳುತ್ತದೆ. ಹೋಳುಗಳು ತಾವಾಗಿ ಅಗಲಲು ಎಳೆಯುತ್ತಿದ್ದರೆ ಅಂಟಿನ ಮೇಲೆ ಭಾರ ಹಾಕಬಾರದು. ಕುದಿಯುವ ಹದಕ್ಕೆ ಬಂದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೇಕಾದ ಬಾಗಿನಲ್ಲಿ ಹಿಡಿದು, ತಣ್ಣೀರಿಗೆ ಇಳಿಸಿದರೆ ಪ್ಲಾಸ್ಟಿಕ್ ಹೊಸ ಆಕಾರವನ್ನೇ ತನ್ನದಾಗಿಸಿಕೊಳ್ಳುತ್ತದೆ. ದಪ್ಪ ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಇಷ್ಟಾದರೂ ಅರ್ಧ ಕೆಲಸ ಉಳಿದಿರುತ್ತದೆ, ಮತ್ತು ಕಿಟ್ಟಿನ ದೊಡ್ಡ ಕೊರತೆಯೂ ಇಲ್ಲೇ ಇದೆ: ಭಾಗಗಳನ್ನು ಮೈಗೆ ಕಟ್ಟಿ ಹಿಡಿಯುವ ಪಟ್ಟಿಗಳ ವ್ಯವಸ್ಥೆಯನ್ನು ಹಲವು ತಯಾರಕರು ಕೊಡುವುದೇ ಇಲ್ಲ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಅದೇ ಭುಜಕೀರ್ತಿ, ಅದೇ ಎದೆಕಟ್ಟು ಬೇರೆ ಬೇರೆ ಮೈಕಟ್ಟಿನ ಕಲಾವಿದರಿಗೆ ಹೊಂದುವುದು ಕಟ್ಟಿನ ಹದದಿಂದ. ಕವಚದಲ್ಲಿಯೂ ಭಾರವನ್ನು ಎಲ್ಲಿ ಹೊರಿಸಬೇಕು ಎಂಬುದನ್ನು ಪಟ್ಟಿಗಳೇ ನಿರ್ಧರಿಸುತ್ತವೆ. ಎದೆ ಮತ್ತು ಬೆನ್ನಿನ ಭಾಗಗಳು ಹೆಗಲ ಮೇಲೆ ಕೂರಬೇಕು. ಹೊಟ್ಟೆಯ ಭಾಗ ಎದೆಯಿಂದ ಇಳಿಬೀಳಬೇಕು. ತೊಡೆಯ ಭಾಗಗಳು ಒಳಗೆ ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟಿನಿಂದ ತೂಗಬೇಕು. ತೊಡೆಗಳ ಭಾರವನ್ನು ಹೊಟ್ಟೆಯ ಭಾಗಕ್ಕೆ ಹೊರಿಸಿದರೆ ಹೆಜ್ಜೆಹೆಜ್ಜೆಗೂ ಇಡೀ ಮೇಲ್ಭಾಗ ಕೆಳಕ್ಕೆ ಜಗ್ಗುತ್ತದೆ, ಸಂಜೆಗೆ ಹೆಗಲು ಬಿದ್ದುಹೋಗುತ್ತದೆ. ಭಾರ ಹೊರುವ ಕಡೆ ನೈಲಾನ್ ಪಟ್ಟಿ, ಉಸಿರಾಟಕ್ಕೆ ತಕ್ಕಂತೆ ಹಿಗ್ಗಬೇಕಾದ ಪಕ್ಕಗಳಲ್ಲಿ ಎಲಾಸ್ಟಿಕ್, ಹೀಗೆ ಹಂಚಿಕೊಳ್ಳುವುದು ಉತ್ತಮ. ಟಿಚ್ ಬಟನ್ ಕೂರಿಸಲು ನೈಲಾನ್ ಪಟ್ಟಿಯಲ್ಲಿ ರಂಧ್ರ ಮಾಡುವಾಗ ಕತ್ತರಿ ಬಳಸದೆ ಕಾದ ಸೋಲ್ಡರಿಂಗ್ ಕಬ್ಬಿಣದ ತುದಿಯಿಂದ ಚುಚ್ಚಿದರೆ ಅಂಚಿನ ಎಳೆಗಳು ಕರಗಿ ಒಂದಾಗುತ್ತವೆ, ದಾರ ಬಿಚ್ಚಿಕೊಳ್ಳುವುದಿಲ್ಲ. ತೊಡೆಯ ಕವಚ ಗಿರಕಿ ಹೊಡೆಯುತ್ತಿದ್ದರೆ ಒಳಗೆ ಮುಂಭಾಗದಲ್ಲಿ 5 ಮಿಲಿಮೀಟರ್ ದಪ್ಪದ ಇವಿಎ ಫೋಮಿನ, ಅಂದರೆ ಮೆತ್ತನೆಯ ಸ್ಪಂಜಿನಂಥ ಹಾಳೆಯ, ತುಂಡು ಅಂಟಿಸಿದರೆ ಸಾಕು.

1997ರಲ್ಲಿ ಅಮೆರಿಕದಲ್ಲಿ ಆಲ್ಬಿನ್ ಜಾನ್ಸನ್ ಅವರು ಕಟ್ಟಿದ 501ನೇ ಲೀಜನ್ ಎಂಬ, ಸ್ಟಾರ್ ವಾರ್ಸ್ ವೇಷ ತೊಡುವವರ ಸ್ವಯಂಸೇವಕ ಸಂಘ ಇಂಥ ವೇಷಗಳಿಗೆ ಬಿಗಿಯಾದ ಮಾನದಂಡ ಇಟ್ಟುಕೊಂಡಿದೆ. ಅದನ್ನು ಸೇರಬಯಸುವವರು ಅಂಚು ತಗ್ಗಿಸುವ ಮೊದಲು ಆ ನಿಯಮಗಳನ್ನು ಓದಿಕೊಳ್ಳುವುದು ಒಳಿತು. ಆದರೆ ಅವರ ಪರೀಕ್ಷೆ ಮುಖ್ಯವಾಗಿ ಹೊರನೋಟದ್ದು. ಒಳಗಿನ ಪಟ್ಟಿ, ಮೆತ್ತೆ, ಫ್ಯಾನುಗಳಲ್ಲಿ ತೊಡುವವರಿಗೆ ಸ್ವಾತಂತ್ರ್ಯವಿದೆ.

ಹೆಲ್ಮೆಟ್ ಬರೀ ಚಿಪ್ಪಾಗಿ ಬರುತ್ತದೆ. ಕಟ್ಟಡ ಕೆಲಸಗಾರರು ಧರಿಸುವ ಸುರಕ್ಷತಾ ಟೊಪ್ಪಿಗೆಯ ಒಳಪಟ್ಟಿಯನ್ನು ಬಿಡಿಸಿ ಇದರೊಳಗೆ ಕೂರಿಸಿದರೆ ಭಾರ ತಲೆಯ ಸುತ್ತ ಹಂಚಿಹೋಗಿ ಮೂಗಿನ ಮೇಲೆ ಬೀಳುವುದು ತಪ್ಪುತ್ತದೆ. ಉಸಿರಿನ ತೇವದಿಂದ ಕಣ್ಣಿನ ಗಾಜು ಮಂಜಾಗುವುದು ಇದರ ನಿತ್ಯದ ತೊಂದರೆ. 5 ವೋಲ್ಟಿನ ಎರಡು ಪುಟ್ಟ ಫ್ಯಾನುಗಳನ್ನು ಪವರ್ ಬ್ಯಾಂಕಿಗೆ ಜೋಡಿಸಿ, ಗಾಳಿ ಮುಖಕ್ಕೆ ಬಡಿಯದೆ ಗಾಜಿನ ಒಳಮೈ ಸವರಿ ಹೋಗುವಂತೆ ಓರೆಯಾಗಿ ನಿಲ್ಲಿಸಿದರೆ ಬಹುಮಟ್ಟಿಗೆ ಪರಿಹಾರ ಸಿಗುತ್ತದೆ. ಕೆಳಗಣ್ಣಿನ ನೋಟ ಮಾತ್ರ ಯಾವ ಉಪಾಯಕ್ಕೂ ಬಗ್ಗದು. ಎದುರಿಗೆ ಓಡಿಬರುವ ಪುಟ್ಟ ಮಕ್ಕಳು ಕಾಣುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ನಡೆಯಲು ಒಬ್ಬ ಸಂಗಡಿಗರು ಇರಲೇಬೇಕು. ನೀರಿನ ಬಾಟಲಿಯೂ ಅವರ ಬಳಿಯೇ ಇರಲಿ. ಎಬಿಎಸ್ ಗಾಳಿಯಾಡಗೊಡದ ವಸ್ತುವಾದ್ದರಿಂದ ಮಂಗಳೂರು, ಕಾರವಾರದಂಥ ಸೆಕೆಯ ಊರುಗಳಲ್ಲಿ ಬೆವರು ಆರುವ ದಾರಿಯೇ ಇರುವುದಿಲ್ಲ, ಅಲ್ಲಿ ತೊಡುವ ಅವಧಿಯನ್ನು ಕಟ್ಟುನಿಟ್ಟಾಗಿ ಮೊಟಕುಗೊಳಿಸಬೇಕು. ಕಳಚಿದ ಮೇಲೆ ಒಳಬದಿಯನ್ನು ಒರೆಸಿ ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಎಬಿಎಸ್ ಹಳದಿಗಟ್ಟುತ್ತದೆ.

ಪೂರ್ತಿ ಕೂರಬಲ್ಲ, ಮಂಡಿಯೂರಬಲ್ಲ ವೇಷ ಬೇಕೆನ್ನುವವರಿಗೆ ನಾನು ಈ ಕಿಟ್ಟನ್ನು ಸೂಚಿಸಲಾರೆ. ಅಂಥವರು ಇವಿಎ ಫೋಮಿನಲ್ಲಿ ಕವಚ ಕಟ್ಟಿಕೊಳ್ಳಲಿ. ಅದು ಹಗುರ, ಮೈ ಬಾಗಿದಂತೆ ಬಾಗುತ್ತದೆ, ಫೆವಿಕಾಲ್ ಎಸ್ಆರ್ 998ನಂಥ ರಬ್ಬರ್ ಅಂಟಿಗೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆ ಗಟ್ಟಿ ಬಿಳುಪಿನ ಹೊಳಪು, ನಡೆದಾಗ ಭಾಗಕ್ಕೆ ಭಾಗ ತಾಗಿ ಕೇಳುವ ಸದ್ದು ಮಾತ್ರ ಫೋಮಿನಲ್ಲಿ ಬಾರದು, ಮತ್ತು ನನಗೆ ಆ ಸದ್ದು ಬಹಳ ಪ್ರಿಯ. ಎಬಿಎಸ್ ಕಿಟ್ಟನ್ನೇ ಕೊಳ್ಳುವುದಾದರೆ ಹಣ ಕಳಿಸುವ ಮೊದಲು ತಯಾರಕರನ್ನು ಮೂರು ವಿಷಯ ಕೇಳಿ: ಹಾಳೆ ನಿಜವಾಗಿಯೂ ಎಬಿಎಸ್ಸೇ ಅಥವಾ ಬಿರುಸಾದ ಸ್ಟೈರೀನ್ ಪ್ಲಾಸ್ಟಿಕ್ಕೇ, ಅದರ ದಪ್ಪವೆಷ್ಟು, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬಿಡಿಯಾಗಿ ಕೊಡುತ್ತಾರೆಯೇ. ಬಿಡಿಭಾಗ ಕೊಡುವುದಿಲ್ಲ ಎಂದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇರೆಯವರನ್ನು ವಿಚಾರಿಸುವುದು ಲೇಸು.