ಜಠರದ ಕ್ಯಾನ್ಸರ್‌: ರೋಬೋಟಿಕ್ ಆಪರೇಷನ್ನೋ, ತೆರೆದ ಆಪರೇಷನ್ನೋ? ಬೆಂಗಳೂರಿನ ಒಂದು ಆಸ್ಪತ್ರೆಯ ಸೇವೆ

ನಮ್ಮ ದೊಡ್ಡಪ್ಪನವರ ಜಠರದ ಕೆಳಭಾಗದಲ್ಲಿದ್ದ ಗೆಡ್ಡೆಗೆ ದಕ್ಷಿಣ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ರೋಬೋಟಿಕ್ ಮತ್ತು ತೆರೆದ ವಿಧಾನಗಳೆರಡೂ ಅಲ್ಲಿವೆ. ಯಾವುದು ಯಾರಿಗೆ ಎಂಬುದನ್ನು ಅಲ್ಲಿನ ಸರ್ಜನ್ ಬಿಡಿಸಿ ಹೇಳಿದ ರೀತಿಯೇ ಆ ಆಸ್ಪತ್ರೆಯ ಅತ್ಯುತ್ತಮ ಸೇವೆ ಎಂಬುದು ನನ್ನ ಅಭಿಪ್ರಾಯ.

ಹೊರಗಿನ ಜಾಹೀರಾತು ಫಲಕಗಳನ್ನು ನೋಡಿದವರಿಗೆ ಯಂತ್ರವೇ ಆಪರೇಷನ್ ಮಾಡುತ್ತದೆ ಎನ್ನಿಸೀತು. ವಾಸ್ತವದಲ್ಲಿ ವೈದ್ಯರು ಅದೇ ಕೊಠಡಿಯ ಕನ್ಸೋಲ್‌ನಲ್ಲಿ (ನಿಯಂತ್ರಣ ಮೇಜಿನಲ್ಲಿ) ಕುಳಿತು, ಮೂರು ಆಯಾಮದ ಹಿಗ್ಗಿಸಿದ ದೃಶ್ಯವನ್ನು ನೋಡುತ್ತಾ, ಮಣಿಕಟ್ಟಿನಂತೆ ತಿರುಗುವ ಉಪಕರಣಗಳನ್ನು ತಮ್ಮ ಬೆರಳುಗಳಿಂದಲೇ ನಡೆಸುತ್ತಾರೆ. ಕೈಯ ಸಣ್ಣ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ಮೇದೋಜ್ಜೀರಕ ಗ್ರಂಥಿಯ ಅಂಚಿನಲ್ಲಿ, ದೊಡ್ಡ ರಕ್ತನಾಳಗಳಿಗೆ ಒತ್ತಿಕೊಂಡಿರುವ ದುಗ್ಧಗ್ರಂಥಿಗಳನ್ನು (ಕ್ಯಾನ್ಸರ್ ಹರಡಬಹುದಾದ ಸಣ್ಣ ಗಂಟುಗಳು, ಲಿಂಫ್ ನೋಡ್) ಬಿಡಿಸುವಾಗ ಇದರ ಬೆಲೆ ತಿಳಿಯುತ್ತದೆ. ರಕ್ತಸ್ರಾವ ಸಾಮಾನ್ಯವಾಗಿ ಕಡಿಮೆ. ಸಮಯ ಹೆಚ್ಚು, ಖರ್ಚಂತೂ ಇನ್ನೂ ಹೆಚ್ಚು. ತೆರೆದ ವಿಧಾನದಲ್ಲಿ ಎದೆಮೂಳೆಯ ಕೆಳಗಿನಿಂದ ಹೊಕ್ಕುಳದ ತನಕ ಕೊಯ್ಯುವುದರಿಂದ ನೋವು ಜಾಸ್ತಿ, ಚೇತರಿಕೆ ನಿಧಾನ. ಆದರೆ ಗೆಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಚಿನೊಂದಿಗೆ ತೆಗೆಯುವುದು ಮತ್ತು ಪರೀಕ್ಷೆಗೆ ಕನಿಷ್ಠ 16 ದುಗ್ಧಗ್ರಂಥಿಗಳು ಸಿಗುವುದು ಮುಖ್ಯವೇ ಹೊರತು ಗಾಯದ ಉದ್ದವಲ್ಲ, ಅನುಭವಿಗಳ ಕೈಯಲ್ಲಿ ಅದು ಎರಡರಲ್ಲೂ ಸಾಧ್ಯ ಎಂದು ಸರ್ಜನ್ ಸ್ಪಷ್ಟವಾಗಿ ಹೇಳಿದರು. ಕೀಮೋ ನಂತರದ ಸಿಟಿ ಸ್ಕ್ಯಾನ್‌ನಲ್ಲಿ ಗೆಡ್ಡೆ ದೊಡ್ಡ ಕರುಳಿಗೆ ತಾಗಿದಂತೆ ಕಂಡದ್ದರಿಂದ ತೆರೆದ ವಿಧಾನವನ್ನೇ ಸೂಚಿಸಿದರು. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಅಗ್ಗದ ದಾರಿ ತೋರಿಸುವವರು ವಿರಳ.

ಬಿಲ್ಲಿಂಗ್ ಕೌಂಟರಿನ ಬಗ್ಗೆ ಅಷ್ಟು ಒಳ್ಳೆಯ ಮಾತು ಆಡಲಾರೆ. ರೋಬೋಟಿಕ್ ಪ್ಯಾಕೇಜಿನ ಮೊತ್ತವನ್ನು ಮೊದಲು ಹೇಳಿದವರು, ಉಪಕರಣಗಳ ಶುಲ್ಕ ಪ್ರತ್ಯೇಕ ಎಂಬುದನ್ನು ನಾವು ಕೆದಕಿ ಕೇಳುವವರೆಗೂ ತಿಳಿಸಲಿಲ್ಲ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ ಆರೋಗ್ಯ ವಿಮೆಯವರು ರೋಬೋಟಿಕ್ ಶಸ್ತ್ರಚಿಕಿತ್ಸೆಯನ್ನು ಪೂರ್ತಿಯಾಗಿ ಹೊರಗಿಡುವಂತಿಲ್ಲವಾದರೂ ಅದಕ್ಕೆ ಕೊಡುವ ಹಣಕ್ಕೆ ಮಿತಿ ಹಾಕಬಹುದು; ಈ ಮಿತಿಯ ವಿಷಯವೂ ಕೌಂಟರಿನಿಂದ ಬರಲಿಲ್ಲ, ಪಾಲಿಸಿಯ ಪುಟಗಳನ್ನು ನಾವೇ ಹುಡುಕಬೇಕಾಯಿತು.

ವಾರ್ಡಿನ ಶುಶ್ರೂಷೆ ಚೆನ್ನಾಗಿತ್ತು. ಆಹಾರತಜ್ಞೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕೆಂದು ಕನ್ನಡದಲ್ಲೇ ಬರೆದುಕೊಟ್ಟ ಪಟ್ಟಿಯಲ್ಲಿ ರಾಗಿ ಗಂಜಿಯೂ ಮೆತ್ತಗಿನ ಮೊಸರನ್ನವೂ ಇದ್ದವು. ರಕ್ತದಲ್ಲಿನ ಬಿ12 ವಿಟಮಿನ್ ಪ್ರಮಾಣವನ್ನು ಆಗಾಗ ಪರೀಕ್ಷಿಸಬೇಕೆಂಬ ಸೂಚನೆ ಮಾತ್ರ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲಿನಲ್ಲಿ ಅಡಗಿತ್ತು. ಅದೂ ಈ ಪಟ್ಟಿಯಲ್ಲೇ ಇರಬೇಕಿತ್ತು.